ಸಾಲು ಮುರಿಯುವ ವಿದ್ಯೆ

ಬರೆಯುವುದು ಕಷ್ಟವೆಂದರೆ ಎಲ್ಲರೂ ಒಪ್ಪುತ್ತಾರೆ. ಬರೆದದ್ದನ್ನು ಎಲ್ಲಿ ಮುರಿದು ಕೆಳಗಿನ ಸಾಲಿಗೆ ಇಳಿಸಬೇಕೆಂಬುದೂ ಒಂದು ವಿದ್ಯೆಯೆಂದರೆ ನಗುತ್ತಾರೆ. ನಗುವವರು ಈ ಪತ್ರಿಕೆಯ ಅಂಕಣವನ್ನೇ ನೋಡಲಿ. ಎರಡು ಅಂಚುಗಳೂ ಗೋಡೆ ಕಟ್ಟಿದ ಹಾಗೆ ನೆಟ್ಟಗಿವೆ. ನಡುವೆ ಮಾತು ಹೊಳೆಯಂತೆ ಹರಿಯುತ್ತಿದೆ. ಹೊಳೆಗೆ ದಡ ಕಟ್ಟಿದವರು ಯಾರೋ ಇರಲೇಬೇಕಲ್ಲ!

ಹಳಬರಿಗೆ ಈ ವಿದ್ಯೆ ಚೆನ್ನಾಗಿ ತಿಳಿದಿತ್ತು. ಓಲೆಗರಿ ಉದ್ದ, ಅಗಲ ಕಡಿಮೆ. ದಾರ ಪೋಣಿಸುವುದಕ್ಕೆ ರಂಧ್ರ ಬೇರೆ. ಲಿಪಿಕಾರ ರಂಧ್ರದ ಸುತ್ತ ಜಾಗ ಬಿಟ್ಟು ಬರೆದನೆಂದರೆ ಅಂಕಣ ತಾನಾಗಿಯೇ ಮೂಡುತ್ತಿತ್ತು. ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ಹೇಳಿದಳು. ಅಚ್ಚಿನಲ್ಲಿ ನಾಲ್ಕು ಸಾಲಾಗಿ ನಿಲ್ಲುವ ಸಾಂಗತ್ಯ ಓಲೆಯಲ್ಲಿ ಒಂದೇ ಸಮನೆ ಓಡುತ್ತದೆ. ಜಾಗ ಮುಗಿದಲ್ಲಿ ಲಿಪಿಕಾರ ಪದವನ್ನು ತುಂಡರಿಸುತ್ತಿದ್ದ. ಅಕ್ಷರದ ಮೇಲೆ ಮಾತ್ರ ಕೈಮಾಡುತ್ತಿರಲಿಲ್ಲ.

ಹನೂರಿನಲ್ಲಿರುವ ನಮ್ಮ ದೊಡ್ಡಮ್ಮನ ಹತ್ತಿರ ಒಂದು ಹಾಡಿನ ಪುಸ್ತಕವಿದೆ. ಕಂಸಾಳೆಯವರ ಬಾಯಿಂದ ಕೇಳಿ ಬರೆದುಕೊಂಡ ಮಲೆಯ ಮಾದೇಶ್ವರನ ಹಾಡುಗಳು. ಈಗ ದೊಡ್ಡಮ್ಮನಿಗೆ ಕಣ್ಣು ಮಂಜು. ಅಗಲವಾದ ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಬರುವಷ್ಟರಲ್ಲಿ ದಾರಿ ತಪ್ಪುತ್ತದೆ. ದಪ್ಪಕ್ಷರದ, ಕಿರಿದಾದ ಅಂಕಣಗಳಾದರೆ ಇನ್ನೂ ನಾಲ್ಕು ಕಾಲ ಓದಿಯಾರು. ಅದಕ್ಕಾಗಿ ನಾನು ಪೈಥಾನ್ ಎಂಬ ಗಣಕಭಾಷೆಯ ಮೊರೆಹೊಕ್ಕೆ. ಅದರಲ್ಲಿ 'ಟೆಕ್ಸ್ಟ್‌ವ್ರ್ಯಾಪ್' ಎಂಬ ಸಿದ್ಧ ಸಲಕರಣೆಯಿದೆ. ನಾವು ಏನೂ ಹೇಳದಿದ್ದರೆ ಸಾಲಿಗೆ 70 ಗುರುತು ಎಣಿಸಿ ಮುರಿಯುತ್ತದೆ; ಹತ್ತು ಸಾಕೆಂದರೆ ಹತ್ತಕ್ಕೇ ಮುರಿಯುತ್ತದೆ.

ಎಣಿಕೆಯಲ್ಲಿಯೇ ಇದೆ ಎಡವಟ್ಟು. 'ಮಾದೇಶ್ವರಸ್ವಾಮಿ' ನಮಗೆ ಆರು ಅಕ್ಷರ. ಯಂತ್ರಕ್ಕೆ ದೀರ್ಘ, ಒತ್ತು, ಗುಡಿಸು ಎಲ್ಲವೂ ಬೇರೆ ಬೇರೆ ತಲೆಗಳು. ಅದರ ಲೆಕ್ಕ 14. ಹತ್ತರ ಸಾಲಿನಲ್ಲಿ ಹಿಡಿಸದೆಂದು 'ಮಾದೇಶ್ವರಸ್' ಎಂದು ಮೇಲೆ ನಿಲ್ಲಿಸಿ 'ವಾಮಿ'ಯನ್ನು ಕೆಳಗೆ ತಳ್ಳಿತು! 'ಕೊಳ್ಳೇಗಾಲ' ನಾಲ್ಕಕ್ಷರದ ಊರು, ಯಂತ್ರಕ್ಕೆ ಒಂಬತ್ತು. ಐದಕ್ಕೆ ಮುರಿ ಎಂದರೆ 'ಳ'ದ ಏತ್ವ ಒಡೆಯನನ್ನು ಬಿಟ್ಟು ಮುಂದಿನ ಸಾಲಿನಲ್ಲಿ ಅನಾಥವಾಗಿ ನಿಲ್ಲುತ್ತದೆ. ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವವರು ಎಳೆ ಎಣಿಸುತ್ತಾರೆ. ಅರ್ಧ ಎಳೆಯೆಂಬುದನ್ನು ಅವರು ಕಂಡಿಲ್ಲ.

ಉದ್ದ ಪದಗಳನ್ನು ಒಡೆಯಬೇಡವೆಂದು ಅಪ್ಪಣೆ ಕೊಡಬಹುದು. ಆಗ ಪದ ಉಳಿಯುತ್ತದೆ, ಅಂಚು ಕೆಡುತ್ತದೆ. ಒತ್ತಕ್ಷರ ಹೆಚ್ಚಾದ ಸಾಲು ಮೊಟಕು, ಬಿಡಿ ಅಕ್ಷರದ ಸಾಲು ನೀಳ. ಸರಿಯಾದ ಮದ್ದು ಯಂತ್ರಕ್ಕೆ ಕಾಗುಣಿತ ಕಲಿಸುವುದು: ಚಿಹ್ನೆ ಹಿಂದಿನ ಅಕ್ಷರದ್ದು, ಹಲಂತದ ಮುಂದೆ ಬಂದ ವ್ಯಂಜನವೂ ಅದರದೇ. ಈ ಎರಡು ನಿಯಮ ಬರೆದುಕೊಟ್ಟು, ಅಕ್ಷರಗಳನ್ನು ಇಡಿಯಾಗಿ ಎಣಿಸುವಂತೆ ಮಾಡಿದ ಮೇಲೆ ಸಾಲುಗಳು ಬಹುಮಟ್ಟಿಗೆ ಹದಕ್ಕೆ ಬಂದವು. ಬಹುಮಟ್ಟಿಗೆ ಎಂದೆ, ಏಕೆಂದರೆ 'ರ'ಕ್ಕೂ 'ಶ್ರೀ'ಗೂ ಅಗಲ ಒಂದೇ ಅಲ್ಲ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು ಅಕ್ಷರ ಎಣಿಸದೆ ಅಳತೆಯನ್ನೇ ನಂಬಿ, ಪದಗಳ ನಡುವೆ ತೆರಪು ತುಂಬಿ ಅಂಚು ಕೂಡಿಸುತ್ತಿದ್ದುದು ಸುಮ್ಮನೆ ಅಲ್ಲ.

ಮೊದಲ ನಾಲ್ಕು ಹಾಳೆಗಳನ್ನು ದೊಡ್ಡಮ್ಮನ ಮುಂದಿಟ್ಟೆ. ಕಣ್ಣಿನ ಹತ್ತಿರ ಹಿಡಿದು ಗುನುಗಿಕೊಂಡರು. "ಅಕ್ಸರ ಚೆಂದಾಗ್ ಕಾಣ್ತದೆ. ಆದ್ರ ಉಸುರು ನಿಲ್ಲೋ ತಾವ ಸಾಲು ನಿಲ್ಸು ಕನಪ್ಪ" ಎಂದರು.

ಮಾತು ನಿಜ. ಈ ಸಲಕರಣೆ ನಾವು ಬರೆದ ಸಾಲಿನ ಕೊನೆಗಳನ್ನು ನುಂಗಿ ತೆರಪು ಮಾಡಿಬಿಡುತ್ತದೆ. ಹಾಡು ಮತ್ತೆ ಓಲೆಗರಿಯ ಓಟ ಹಿಡಿಯುತ್ತದೆ. ಹಾಡಿನ ಸಾಲುಗಳನ್ನು ಮೊದಲು ಬಿಡಿಸಿ, ಒಂದೊಂದನ್ನೇ ಅದರ ಕೈಗೆ ಕೊಡಬೇಕು. ಈಗ ಹಾಗೆಯೇ ಮಾಡುತ್ತಿದ್ದೇನೆ. ಬಲದ ಅಂಚು ಕೊಂಚ ಏರುಪೇರಾಗಿದೆ. ಇರಲಿ, ಹಾಡುವವರ ಉಸಿರೂ ಒಂದೇ ಅಳತೆಯದಲ್ಲ.