ಸಮುದ್ರಕ್ಕೆ ಓಡಿಹೋದ ಮಗ



ಒಂದೇ ಮನೆಯ ಮೂವರು ಗಂಡುಮಕ್ಕಳು ಗುರುಗಳಾಗಿ, ಮೂವರು ಹೆಣ್ಣುಮಕ್ಕಳು ಕನ್ಯಾಮಠ ಸೇರಿದರೆ ಆ ಕುಟುಂಬವನ್ನು ನಾವು ಧನ್ಯವೆನ್ನುತ್ತೇವೆ. ಅದೇ ಮನೆಯಲ್ಲಿ ಶಾಲೆ ಬಿಟ್ಟು ಓಡಿಹೋದವನೊಬ್ಬನಿದ್ದರೆ ಅವನ ಮಾತನ್ನೇ ಎತ್ತುವುದಿಲ್ಲ. ಅಮೆರಿಕದ ಹೀಲಿ ಕುಟುಂಬದ ಚರಿತ್ರೆಯನ್ನು ನಾನೂ ಮೊದಲು ಹಾಗೆಯೇ ಓದಿದೆ. ಧರ್ಮಾಧ್ಯಕ್ಷರು ಕಣ್ಣಿಗೆ ಬಿದ್ದರು, ನಾವಿಕ ಬೀಳಲಿಲ್ಲ.

ತಂದೆ ಐರ್ಲೆಂಡಿನಿಂದ ಜಾರ್ಜಿಯಾಕ್ಕೆ ಬಂದು ತೋಟದ ಒಡೆಯರಾದವರು. ತಾಯಿ ಮೇರಿ ಎಲೈಜಾ ಅವರ ಒಡೆತನದಲ್ಲಿದ್ದ ದಾಸಿ, ಆಫ್ರಿಕಾ ಮೂಲದವರು. ತಾಯಿ ದಾಸಿಯಾದರೆ ಮಕ್ಕಳೂ ದಾಸರೆಂಬುದು ಅಲ್ಲಿನ ಕಾನೂನು. ಆದುದರಿಂದ ಮಕ್ಕಳನ್ನು ಉತ್ತರದ ರಾಜ್ಯಗಳಿಗೆ ಕಳುಹಿಸಿ ಓದಿಸಿದರು. ಹಿರಿಯರಾದ ಜೇಮ್ಸ್ 1875ರಲ್ಲಿ ಪೋರ್ಟ್‌ಲೆಂಡಿನ ಧರ್ಮಾಧ್ಯಕ್ಷರಾದರು. ಯೇಸುಸಭೆಯ ಪ್ಯಾಟ್ರಿಕ್ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. 1839ರಲ್ಲಿ ಹುಟ್ಟಿದ ಮೈಕಲ್ ಮಾತ್ರ ಯಾವ ಶಾಲೆಯಲ್ಲೂ ನಿಲ್ಲಲಿಲ್ಲ. 1850ರಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡಿದ್ದ ಆ ಬಾಲಕ 1854ರಲ್ಲಿ ಯೂರೋಪಿನ ಶಾಲೆಯಿಂದ ತಪ್ಪಿಸಿಕೊಂಡು, ಕಲ್ಕತ್ತೆಗೆ ಹೊರಟಿದ್ದ ಹಡಗನ್ನೇರಿದ.

ಮೈಕಲ್ ಹೀಲಿ 1865ರಲ್ಲಿ ಕಂದಾಯ ಇಲಾಖೆಯ ಕಾವಲು ನೌಕಾದಳದಲ್ಲಿ ಅಧಿಕಾರಿಯಾದರು. ನೇಮಕಕ್ಕೆ ಅಧ್ಯಕ್ಷ ಲಿಂಕನ್ನರ ಸಹಿಯಿತ್ತು. ಇಂದಿನ ಅಮೆರಿಕದ ಕರಾವಳಿ ಕಾವಲು ಪಡೆ ಬೆಳೆದದ್ದು ಆ ದಳದಿಂದಲೇ. 1886ರಿಂದ 1895ರವರೆಗೆ ಅವರು 'ಬೇರ್' ಹಡಗಿನ ಕಪ್ತಾನರಾಗಿ ಅಲಾಸ್ಕಾದ ಹಿಮಸಮುದ್ರದಲ್ಲಿ ಸಂಚರಿಸಿದರು. ಅಲ್ಲಿನ ಜನರಿಗೆ ಆ ಹಡಗೇ ನ್ಯಾಯಾಲಯ, ಅದೇ ಆಸ್ಪತ್ರೆ, ಅದೇ ಅಂಚೆ. ಹೊರಗಿನವರ ಅತಿಬೇಟೆಯಿಂದ ತಿಮಿಂಗಿಲ, ವಾಲ್ರಸ್‌ಗಳು ಕ್ಷೀಣಿಸಿ ಮೂಲನಿವಾಸಿಗಳು ಹಸಿದಾಗ, ಪ್ರೆಸ್ಬಿಟೇರಿಯನ್ ಮಿಷನರಿ ಶೆಲ್ಡನ್ ಜಾಕ್ಸನ್ನರೊಡನೆ ಸೇರಿ ಸೈಬೀರಿಯಾದಿಂದ ಹಿಮಸಾರಂಗಗಳನ್ನು ತಂದರು. 1892ರಲ್ಲಿ ಇಳಿಸಿದವು 171.

ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಮೂಲನಿವಾಸಿಗಳಿಗೆ ಮದ್ಯ ಮಾರುವವರನ್ನು ಹಿಡಿಯುತ್ತಿದ್ದ ಕಪ್ತಾನರು ಸ್ವತಃ ಕುಡಿತಕ್ಕೆ ದಾಸರಾಗಿದ್ದರು. ನಾವಿಕರನ್ನು ಕಟ್ಟಿ ತೂಗುಹಾಕುವ ಶಿಕ್ಷೆ ಕೊಟ್ಟರೆಂಬ ದೂರಿನ ಮೇಲೆ 1890ರಲ್ಲಿ ವಿಚಾರಣೆ ನಡೆದು ದೋಷಮುಕ್ತರಾದರು. 1896ರಲ್ಲಿ ಮಾತ್ರ ತಪ್ಪಿತಸ್ಥರೆಂದು ತೀರ್ಪಾಗಿ, ಕಪ್ತಾನರ ಪಟ್ಟಿಯ ಕೊನೆಗೆ ಇಳಿದು, ನಾಲ್ಕು ವರ್ಷ ಹಡಗಿಲ್ಲದೆ ಕಳೆದರು. 1900ರಲ್ಲಿ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. ಆದರೆ ಚೇತರಿಸಿಕೊಂಡು ಮತ್ತೆ ಹಡಗು ನಡೆಸಿ, 1903ರಲ್ಲಿ ನಿವೃತ್ತರಾಗಿ, ಮರುವರ್ಷ ತೀರಿಕೊಂಡರು. ತಾವು ಹೆತ್ತ ತಾಯಿಯ ಕುಲವನ್ನು ಲೋಕಕ್ಕೆ ತಿಳಿಯಗೊಡದೆ ಬದುಕಿದರು. ಆ ಕಾಲದ ಅಮೆರಿಕದಲ್ಲಿ ತಿಳಿದಿದ್ದರೆ ಅವರ ಕೈಗೆ ಹಡಗು ಬರುತ್ತಿರಲಿಲ್ಲ. ಆ ಮೌನದ ಭಾರ ಎಷ್ಟಿತ್ತೋ, ಬಲ್ಲವನು ದೇವರೊಬ್ಬನೇ.

ಅವರ ಕುಡಿತವನ್ನು ನಾನು ಸಮರ್ಥಿಸಲಾರೆ, ಅದರಿಂದ ನೊಂದವರಿದ್ದಾರೆ. ಆದರೂ ಹಸಿದವರಿಗೆ ಅನ್ನದ ದಾರಿ ತೋರಿದ ಆ ಕೈಗಳನ್ನು ದೇವರು ಬೇಡವೆನ್ನಲಿಲ್ಲ. ಸಂತ ಪೌಲರು ಹೇಳುವ ಮಣ್ಣಿನ ಪಾತ್ರೆ ಬಿರುಕು ಬಿಟ್ಟದ್ದೂ ಆಗಿರಬಹುದು.

ಇಂದು ಹೀಲಿ ಎಂಬ ಹೆಸರಿನ ಹಿಮಭೇದಕ ಹಡಗೊಂದಿದೆ. 2015ರಲ್ಲಿ ಅದು ಬೇರೆ ಹಡಗಿನ ನೆರವಿಲ್ಲದೆ ಉತ್ತರ ಧ್ರುವವನ್ನು ಮುಟ್ಟಿತು. ಓದುಗರೇ, ನಿಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಹೆಸರು ಬಿಟ್ಟುಹೋದ ಮಗನಿದ್ದಾನೆಯೇ? ಇಂದು ಅವನ ಹೆಸರನ್ನೂ ಸೇರಿಸಿರಿ. ಸಾಧ್ಯವಾದರೆ ಅವನನ್ನು ಹೆಸರು ಹಿಡಿದು ಕರೆಯಿರಿ.