ಸರ್ಕಾರ ಎಂದರೆ ಯಾರು?

ನನ್ನ ಇತಿಹಾಸದ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ಯಾವ ಯುದ್ಧದ, ಯಾವ ದಂಗೆಯ ಪಾಠವಾದರೂ ‘ಮೂಲ ಕಾರಣಗಳು’, ‘ತಕ್ಷಣದ ಕಾರಣಗಳು’ ಎಂದು ಎರಡು ಭಾಗ ಮಾಡಿ ಟಿಪ್ಪಣಿ ಬರೆಸುತ್ತಿದ್ದೆ. ಆದರೆ ತನ್ನ ನಾಡಿನಲ್ಲಿಯೇ ಬೆಳೆದು, ಅದರ ಸೈನ್ಯದಲ್ಲಿ ಪದಕ ಪಡೆದವನೊಬ್ಬ ಅದೇ ನಾಡಿನ ಸರ್ಕಾರದ ಮೇಲೆ ಬಾಂಬು ಸಿಡಿಸಿದರೆ ಏನೆಂದು ಬರೆಸುವುದು? ನಿಮ್ಮಲ್ಲಿ ಹಲವರು ಅಮೆರಿಕದಲ್ಲಿ ನೆಲೆಸಿರುವುದರಿಂದ ಅಲ್ಲಿಯ ಒಂದು ಘಟನೆಯನ್ನೇ ಆರಿಸಿಕೊಂಡಿದ್ದೇನೆ.

1995ರ ಏಪ್ರಿಲ್ 19ರ ಬೆಳಿಗ್ಗೆ 9 ಗಂಟೆ 2 ನಿಮಿಷಕ್ಕೆ ಒಕ್ಲಹೋಮಾ ನಗರದ ಮರ್ರಾ ಫೆಡರಲ್ ಕಟ್ಟಡದ ಮುಂದೆ ನಿಲ್ಲಿಸಿದ್ದ ಬಾಡಿಗೆ ಟ್ರಕ್ ಒಂದು ಸ್ಫೋಟಗೊಂಡಿತು. 168 ಮಂದಿ ಮಡಿದರು. ಅವರಲ್ಲಿ 19 ಮಕ್ಕಳು. ಬಹುಪಾಲು ಆ ಕಟ್ಟಡದೊಳಗಿದ್ದ ಶಿಶುವಿಹಾರದ ಕೂಸುಗಳು. ಅನೇಕರ ಸಂಶಯ ಮೊದಲು ಹೊರಳಿದ್ದು ಪಶ್ಚಿಮ ಏಷ್ಯಾದವರ ಕಡೆಗೆ. ಆದರೆ ಒಂದೂವರೆ ಗಂಟೆಯೊಳಗೆ, ನಂಬರ್ ಪ್ಲೇಟ್ ಇಲ್ಲದ ಕಾರು ಓಡಿಸಿದನೆಂದು ಹೆದ್ದಾರಿಯಲ್ಲಿ ಪೊಲೀಸನೊಬ್ಬ ತಡೆದವನು ತಿಮೋತಿ ಮೆಕ್‌ವೇ. ನ್ಯೂಯಾರ್ಕ್ ರಾಜ್ಯದ ಕಾರ್ಖಾನೆ ಕಾರ್ಮಿಕನೊಬ್ಬನ ಮಗ. 1991ರ ಕೊಲ್ಲಿ ಯುದ್ಧದಲ್ಲಿ ಹೋರಾಡಿದ ಸೈನಿಕ.

ಮೂಲ ಕಾರಣಗಳನ್ನು ಹುಡುಕಹೊರಟರೆ 1980ರ ದಶಕಕ್ಕೆ ಹೋಗಬೇಕು. ಅಮೆರಿಕದ ನಡುನಾಡಿನಲ್ಲಿ ಸಾಲದ ಹೊರೆಯಿಂದ ರೈತರು ಜಮೀನು ಕಳೆದುಕೊಳ್ಳುತ್ತಿದ್ದ ಕಾಲ ಅದು. ಅವರ ನೋವು ನಿಜವಾದದ್ದು. ‘ಪಾಸಿ ಕಾಮಿಟೇಟಸ್’ನಂತಹ ಗುಂಪುಗಳು ಆ ನೋವಿಗೆ ಒಂದು ಸುಳ್ಳು ಕಥೆಯನ್ನು ಜೋಡಿಸಿದವು: ಎಲ್ಲವೂ ಸರ್ಕಾರ ಹಾಗೂ ಯಹೂದಿ ಬ್ಯಾಂಕರುಗಳ ಒಳಸಂಚು ಎಂದು. ಮೆಕ್‌ವೇಯ ಸಹಚರ ಟೆರ್ರಿ ನಿಕೋಲ್ಸ್ ಮಿಷಿಗನ್ನಿನ ರೈತಾಪಿ ಮನೆಯವನು. ಮೆಕ್‌ವೇ ತಾನೂ ಸೈನ್ಯದ ವಿಶೇಷ ಪಡೆಗೆ ಸೇರಲಾಗದೆ, ಸೈನ್ಯವನ್ನು ಬಿಟ್ಟು, ಬಂದೂಕು ಸಂತೆಗಳಲ್ಲಿ ಅಲೆಯುತ್ತಿದ್ದವನು.

ತಕ್ಷಣದ ಕಾರಣಗಳು ಎರಡು. 1992ರ ಆಗಸ್ಟಿನಲ್ಲಿ ಐಡಾಹೋದ ರೂಬಿ ರಿಡ್ಜ್ ಎಂಬಲ್ಲಿ ರ‍್ಯಾಂಡಿ ವೀವರ್ ಎಂಬಾತನನ್ನು ಬಂಧಿಸಹೋದಾಗ ನಡೆದ ಗುಂಡಿನ ಕಾಳಗದಲ್ಲಿ ಒಬ್ಬ ಸರ್ಕಾರಿ ಅಧಿಕಾರಿಯೂ, ವೀವರನ ಹದಿನಾಲ್ಕು ವರ್ಷದ ಮಗನೂ ಸತ್ತರು. ಮರುದಿನ ಅವನ ಹೆಂಡತಿಯೂ ಗುಂಡಿಗೆ ಬಲಿಯಾದಳು. ಮುಂದಿನ ವರ್ಷ ಟೆಕ್ಸಾಸಿನ ವೇಕೋದಲ್ಲಿ ಒಂದು ಧಾರ್ಮಿಕ ಪಂಥದವರಿದ್ದ ನೆಲೆಯನ್ನು 51 ದಿನ ಮುತ್ತಲಾಯಿತು. ಏಪ್ರಿಲ್ 19ರಂದು ಅದು ಬೆಂಕಿಗೆ ಆಹುತಿಯಾಗಿ ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಜನ ಸತ್ತರು. ಮೆಕ್‌ವೇ ಬಾಂಬಿಗೆ ಆರಿಸಿಕೊಂಡದ್ದು ಇದೇ ದಿನಾಂಕವನ್ನು.

ಇವು ಕಟ್ಟುಕಥೆಗಳಲ್ಲ. ಸರ್ಕಾರ ಎಡವಿತ್ತು. ಆದರೆ ಇನ್ನರ್ಧ ಸತ್ಯವೂ ಉಂಟು. 1993ರ ಜುಲೈನಲ್ಲಿಯೇ ಐಡಾಹೋದ ಜ್ಯೂರಿಯೊಂದು ವೀವರನನ್ನು ಕೊಲೆಯ ಆರೋಪದಿಂದ ಮುಕ್ತಗೊಳಿಸಿತು. 1995ರ ಆಗಸ್ಟಿನಲ್ಲಿ ಸರ್ಕಾರ ಆ ಕುಟುಂಬಕ್ಕೆ 31 ಲಕ್ಷ ಡಾಲರು ಕೊಡಲೊಪ್ಪಿತು. ವೇಕೋದಲ್ಲಿ ಬೆಂಕಿ ಹಚ್ಚಿದವರು ಒಳಗಿದ್ದವರೇ ಎಂದು 2000ದಲ್ಲಿ ವಿಶೇಷ ತನಿಖೆ ನಿರ್ಣಯಿಸಿತು. ತಪ್ಪು ಮಾಡಿದ್ದು ಸರ್ಕಾರವಾದರೆ, ಆ ತಪ್ಪಿನ ವಿರುದ್ಧ ತೀರ್ಪು ಬಂದದ್ದೂ ಅದರದೇ ನ್ಯಾಯಾಲಯದಲ್ಲಿ. ಉಗ್ರವಾದಿಯ ಕಥೆಯಲ್ಲಿ ಇದಕ್ಕೆ ಜಾಗವಿರುವುದಿಲ್ಲ. ಅನ್ಯಾಯಕ್ಕೆ ಸಿಟ್ಟಾಗುವುದು ಉಗ್ರವಾದವಲ್ಲ. ಅನ್ಯಾಯ ಸರಿಹೋಗಬಹುದೆಂಬ ಸಾಕ್ಷ್ಯ ಕಣ್ಣೆದುರಿಗಿದ್ದರೂ ಬೇಡವೆನ್ನುವಲ್ಲಿ ಅದು ಬೇರು ಬಿಡುತ್ತದೆ.

ನಾನೂ ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದವನು. ಜನಗಣತಿಗೆಂದು ಮನೆಮನೆಗೆ ಹೋದಾಗ, ರೇಷನ್ ಕಾರ್ಡು ಬಾರದ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಂಡವರಿದ್ದರು. ಮನಸಾರೆ ಬೈದು, ಬಳಿಕ ಚೊಂಬಿನಲ್ಲಿ ನೀರು ತಂದುಕೊಟ್ಟು, “ನಿಮಗಲ್ಲ ಮೇಷ್ಟ್ರೇ, ನಾನು ಬೈದದ್ದು ಸರ್ಕಾರಕ್ಕೆ” ಎನ್ನುತ್ತಿದ್ದರು. ಆ ಬೈಗುಳವನ್ನು ನಾನು ಪ್ರಜಾಪ್ರಭುತ್ವದ ಒಂದು ಭಾಗವೆಂದೇ ತಿಳಿದಿದ್ದೇನೆ. ಎದುರಿಗಿರುವವನು ಮನುಷ್ಯನೆಂಬುದನ್ನು ಅವರು ಎಂದೂ ಮರೆಯಲಿಲ್ಲ.

ಮೆಕ್‌ವೇಗೆ ಆ ಕಟ್ಟಡದಲ್ಲಿ ಕಂಡದ್ದು ಸರ್ಕಾರ ಮಾತ್ರ. ಅಲ್ಲಿದ್ದ ಕಚೇರಿಗಳಲ್ಲಿ ಒಂದು ವೃದ್ಧರ, ಅಂಗವಿಕಲರ ಪಿಂಚಣಿಯನ್ನು ನೋಡಿಕೊಳ್ಳುವ ಸಾಮಾಜಿಕ ಭದ್ರತಾ ಕಚೇರಿ. ಇಂಗ್ಲಿಷ್ ಬಾರದವರಿಗೆ ಸ್ಪ್ಯಾನಿಷ್‌ನಲ್ಲಿ ನೆರವಾಗಲು ಅಲ್ಲಿದ್ದ 23ರ ತರುಣಿಯೊಬ್ಬಳೂ ಸತ್ತಳು. ಸತ್ತ ಮಕ್ಕಳನ್ನು ಮೆಕ್‌ವೇ ಮುಂದೆ ‘ಕೊಲ್ಯಾಟರಲ್ ಡ್ಯಾಮೇಜ್’ ಎಂದು ಕರೆದ. ಗುರಿಯ ಜೊತೆಗೆ ಆಕಸ್ಮಿಕವಾಗಿ ಆದ ಹಾನಿ ಎಂಬರ್ಥದ ಸೈನಿಕ ಪರಿಭಾಷೆ ಅದು. 2001ರ ಜೂನ್ 11ರಂದು ಅವನಿಗೆ ಮರಣದಂಡನೆಯಾಯಿತು.

ಆ ತರುಣಿಯ ತಂದೆ ಬಡ್ ವೆಲ್ಷ್ ಅದೇ ನಗರದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದವರು. ಮೊದಮೊದಲು ಕುದಿದ ಅವರು ಆಮೇಲೆ ಆ ಮರಣದಂಡನೆಯನ್ನು ಬಹಿರಂಗವಾಗಿ ವಿರೋಧಿಸಿದರು. 1998ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ ಹೋಗಿ, ಮೆಕ್‌ವೇಯ ತಂದೆಯನ್ನು ಅವರ ಮನೆಯಲ್ಲಿಯೇ ಕಂಡು ಮಾತನಾಡಿಸಿದರು. ಮಗಳನ್ನು ಕಳೆದುಕೊಂಡ ತಂದೆ, ಮಗನನ್ನು ಕಳೆದುಕೊಳ್ಳಲಿರುವ ತಂದೆಯ ಎದುರು ಕುಳಿತರು.

ನಿಮ್ಮ ಮನೆಯ ಹುಡುಗರು ಸರ್ಕಾರವನ್ನು ಬೈದರೆ ಗಾಬರಿಯಾಗಬೇಡಿ. ಬೈಯಲಿ, ಅರ್ಜಿ ಹಾಕಲಿ, ಮತ ಹಾಕಲಿ. ಆದರೆ ‘ಅವರು’, ‘ಅವರೆಲ್ಲ’ ಎಂಬ ಮಾತು ಪದೇ ಪದೇ ಕೇಳಿಬಂದರೆ, ಪಕ್ಕದಲ್ಲಿ ಕುಳಿತು “ಯಾರಪ್ಪಾ ಅವರು? ಒಬ್ಬರ ಹೆಸರು ಹೇಳು ನೋಡೋಣ” ಎಂದು ಕೇಳಿ. ಉತ್ತರ ಬರುವವರೆಗೂ ಎದ್ದು ಹೋಗಬೇಡಿ.