ಮಳೆ ಬಂದಾಗ ಪೆನ್ನು ಕೆಳಗಿಡಿ



ನಾನು ಕವಯಿತ್ರಿಯಲ್ಲ. ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿ, ಮದುವೆಯಾಗಿ ಪುಣೆಗೆ ಬಂದ ಗೃಹಿಣಿ. ಆದರೂ ಮಕ್ಕಳಿಗೆ ಕವಿತೆ ಬರೆಯಲು ಹೇಳಿಕೊಡುತ್ತಿದ್ದೇನೆ. ಅದರ ಹಿಂದೆ ನನ್ನದೇ ಒಂದು ತಪ್ಪಿದೆ.

ನನ್ನ ಮಗ ಎಂಟು ವರ್ಷದವನಿದ್ದಾಗ ಮಳೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ತಂದ. ನಾನು ಒತ್ತಕ್ಷರ, ದೀರ್ಘಗಳ ತಪ್ಪಿಗೆಲ್ಲ ಕೆಂಪು ಗೆರೆ ಎಳೆದುಕೊಟ್ಟೆ. ಆಮೇಲೆ ಅವನು ಕನ್ನಡದಲ್ಲಿ ಬರೆದದ್ದನ್ನು ನನಗೆ ತೋರಿಸಲೇ ಇಲ್ಲ. ಆ ಸಾಲುಗಳು ಇಂದು ನೆನಪಿಲ್ಲ. ಗೆರೆಗಳು ಮಾತ್ರ ನೆನಪಿವೆ.

ಈಗ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ನಾಲ್ಕೈದು ಕನ್ನಡ ಮಕ್ಕಳನ್ನು ವೇತಾಳ ಟೇಕಡಿಗೆ ಕರೆದೊಯ್ಯುತ್ತೇನೆ. ಜೂನ್ ತಿಂಗಳ ಮೊದಲ ದಿನ, "ಪ್ರಕೃತಿಯ ಮೇಲೆ ಬರೆಯಿರಿ" ಎಂದೆ. ಎಲ್ಲರ ಹಾಳೆಯಲ್ಲೂ ಹಸಿರು ಮರ, ನೀಲಿ ಆಕಾಶ! ಎದುರಿಗಿದ್ದ ಗುಡ್ಡವೋ ಬೇಸಿಗೆಗೆ ಒಣಗಿ ಕಂದಾಗಿತ್ತು. ಆಕಾಶದ ತುಂಬ ಕರಿಮೋಡ.

ನಾನೂ ಹಾಗೆಯೇ ಕಲಿತವಳು. ಡ್ಯಾಫೋಡಿಲ್ ಹೂವನ್ನು ಕಣ್ಣಾರೆ ಕಾಣದೆಯೇ ವರ್ಡ್ಸ್‌ವರ್ತ್‌ನ ಕವಿತೆಯನ್ನು ಬಾಯಿಪಾಠ ಮಾಡಿದೆ. ಆದರೆ ಆ ಕವಿ 1802ರ ಏಪ್ರಿಲ್ 15ರಂದು ತಂಗಿ ಡೊರೊಥಿಯೊಡನೆ ಸರೋವರದ ದಂಡೆಯಲ್ಲಿ ನಡೆದು ಆ ಹೂಗಳನ್ನು ಕಂಡಿದ್ದ. ತಂಗಿ ಅದನ್ನು ದಿನಚರಿಯಲ್ಲಿ ಬರೆದಿಟ್ಟಳು. ಕವಿತೆ ಅಚ್ಚಾದದ್ದು 1807ರಲ್ಲಿ. ಮೊದಲು ಕಾಲು, ಕಣ್ಣು, ಪೆನ್ನು ಆಮೇಲೆ.

ಹಾಳೆಗಳನ್ನು ಮಡಿಸಿಡಲು ಹೇಳಿದೆ. ಕಣ್ಣು ಮುಚ್ಚಿ ಕೇಳಿದರು, ಮರದ ತೊಗಟೆ ಸವರಿದರು, ಹುಣಸೆ ಚಿಗುರು ಅಗಿದು ಮುಖ ಕಿವಿಚಿದರು. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ಮಣ್ಣಿನ ವಾಸನೆ ಎದ್ದಿತು. ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತು ಇದಕ್ಕೆ ಮುಖ್ಯ ಕಾರಣವಂತೆ. ಆದರೆ ಒಬ್ಬಳು ಪುಟ್ಟ ಹುಡುಗಿ, "ಕಾಕೂ, ಅಜ್ಜಿ ಹೊಸಾ ಗಡಿಗ್ಯಾಗ ನೀರು ತುಂಬಿದಾಗ ಹಿಂಗ ವಾಸನಿ ಬರ್ತದ" ಎಂದಳು. ಕವಿತೆ ಹುಟ್ಟಿತ್ತು!

ಇನ್ನೊಬ್ಬ, "ರಿಮ್‌ಝಿಮ್‌ಗೆ ಕನ್ನಡದಾಗ ಏನಂತಾರ?" ಎಂದ. "ಕಿವಿಗೊಟ್ಟು ಕೇಳು" ಎಂದೆ. ಛತ್ರಿಯ ಮೇಲೆ ಪಟಪಟ, ಸಣ್ಣ ಮಳೆಯಾದರೆ ಜಿಟಿಜಿಟಿ, ಸುರಿದರೆ ಧೋ. ವ್ಯಾಕರಣದಲ್ಲಿ ಇವನ್ನು ಅನುಕರಣಾವ್ಯಯ ಎನ್ನುತ್ತಾರೆ. ಮಕ್ಕಳಿಗೆ ಅವು ಮಳೆಯ ಹೆಸರುಗಳಾದವು.

ಹುಡುಗಿ ಬರೆದ ಸಾಲಿನಲ್ಲಿ 'ಗಡಿಗೆ' ತಪ್ಪಾಗಿತ್ತು. ಕೆಂಪು ಪೆನ್ನು ಚೀಲದಲ್ಲೇ ಇತ್ತು. ನಾನು ತೆಗೆಯಲಿಲ್ಲ.

"ನಮ್ಮ ಕನ್ನಡದಲ್ಲಿ ಮರಾಠಿ ಬೆರೆತಿದೆ" ಎಂದು ನೀವು ಸಂಕೋಚಪಡುತ್ತೀರಿ. ಬೇಂದ್ರೆಯವರ ಮನೆಮಾತು ಮರಾಠಿ. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದವರು, ಮುಂದೆ ಕನ್ನಡದ 'ನಾಕು ತಂತಿ'ಗೆ ಜ್ಞಾನಪೀಠ ಪಡೆದರು. ಎರಡು ಭಾಷೆಯ ಕಿವಿ ಕೊರತೆಯಲ್ಲ, ಆಸ್ತಿ.

ಮುಂದಿನ ಮಳೆಗೆ ಮೊಬೈಲನ್ನು ಒಳಗಿಟ್ಟು ಗ್ಯಾಲರಿಗೆ ಬನ್ನಿ. ಮೂಸಿ, ಕೇಳಿ, ಕೈಯೊಡ್ಡಿ. ಆಮೇಲೆ ಒಂದೇ ಸಾಲು ಬರೆದು ಅಮ್ಮನಿಗೆ ತೋರಿಸಿ. ಅವರು ತಿದ್ದಲು ಹೊರಟರೆ ಈ ಕಾಕೂನ ಕಥೆ ಹೇಳಿ.

ಈ ಲೇಖನವನ್ನು ನನ್ನ ಮಗನಿಗೂ ಕಳಿಸುತ್ತಿದ್ದೇನೆ.